ಬಾದಾಮಿಗೆ ಇಬ್ಬರೇ ಹೊರಟವರು ಬನಶಂಕರಿಯ ರೊಟ್ಟಿ ಬುಟ್ಟಿ ದಾಟಿ ಹೋಗಬೇಡಿ

ಮಾನ್ಯ ಸಂಪಾದಕರೇ,

ಚಳಿ ಬಿತ್ತೆಂದರೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಬಾದಾಮಿ, ಪಟ್ಟದಕಲ್ಲು, ಐಹೊಳೆಯ ಲೇಖನಗಳು ಬರುತ್ತವೆ. ಬಾದಾಮಿಯ ಮೂರನೇ ಗುಹೆಯ ಶಾಸನ ಕ್ರಿ.ಶ. 578ರದು, ಪಟ್ಟದಕಲ್ಲು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ ಎಂಬುದೆಲ್ಲ ಅವುಗಳಲ್ಲಿ ತಪ್ಪದೆ ಇರುತ್ತದೆ. ಊಟದ ಮಾತು ಬಂದಾಗ ಮಾತ್ರ ‘ಉತ್ತಮ ಹೋಟೆಲುಗಳಿವೆ’ ಎಂದು ಒಂದೇ ಸಾಲಿಗೆ ಮುಗಿದುಬಿಡುತ್ತದೆ. ಅದನ್ನು ನಂಬಿ ಬಂದ ಗಂಡ-ಹೆಂಡತಿ ಜೋಳದ ನಾಡಿನಲ್ಲಿ ಎರಡು ದಿನ ಇದ್ದೂ ಪೂರಿ, ಫ್ರೈಡ್ ರೈಸ್ ತಿಂದು ರೈಲು ಹತ್ತುತ್ತಾರೆ. ಈ ಭಾಗದವರಾದ ನಮಗೆ ಇದು ನೋವಿನ ಸಂಗತಿ. ಆ ಒಂದು ಸಾಲಿನಲ್ಲಿ ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಈ ಸೀಮೆಯ ಊಟಕ್ಕೆ ಇಬ್ಬರು ಸರಿಯಾದ ಲೆಕ್ಕ. ಒಬ್ಬರೇ ಹೋದರೆ ಎರಡು ರೊಟ್ಟಿಗೆ ಹೊಟ್ಟೆ ತುಂಬಿ, ನಾಲ್ಕು ಪಲ್ಯದ ರುಚಿ ನೋಡಲು ಆಗುವುದಿಲ್ಲ. ಹತ್ತು ಮಂದಿ ಒಮ್ಮೆಗೇ ಕೂತರೆ ರೊಟ್ಟಿ ಬಡಿಯುವವರ ಕೈ ಸಾಲದೆ ಮೊದಲೇ ಬಡಿದಿಟ್ಟದ್ದು ಎಲೆಗೆ ಬೀಳುತ್ತದೆ. ಇಬ್ಬರಿದ್ದರೆ ಒಂದು ತಾಟಿಗೆ ಬದನೆಕಾಯಿ ಎಣ್ಣೆಗಾಯಿ ಮತ್ತು ಕಾಳುಪಲ್ಯ, ಇನ್ನೊಂದಕ್ಕೆ ಕಡಲೆಹಿಟ್ಟಿನ ಜುಣಕ ಮತ್ತು ಹುಳಿಸೊಪ್ಪಿನ ಪುಂಡಿಪಲ್ಯ ಹಾಕಿಸಿಕೊಂಡು ಹಂಚಿ ತಿನ್ನಬಹುದು.

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಬಳಿ ಬನಶಂಕರಿ ಗುಡಿಯಿದೆ. ಗುಡಿಯ ಎದುರಿನ ಹರಿದ್ರಾತೀರ್ಥ ಹೊಂಡದ ಆಸುಪಾಸಿನಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ (ಚಟ್ನಿಪುಡಿ), ಕೆಂಪುಖಾರ ಮತ್ತು ಪುಟ್ಟ ಮಣ್ಣಿನ ಕುಡಿಕೆಗಳಲ್ಲಿ ಮೊಸರು ತಂದು ಮಾರುತ್ತಾರೆ. ಎಲ್ಲವೂ ಬೆಳಗ್ಗೆ ಮನೆಯಲ್ಲೇ ಮಾಡಿದ್ದು. ಹೀಗಾಗಿ ಇಲ್ಲಿ ವೇಳೆ ಬಹಳ ಮುಖ್ಯ. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೋದರೆ ಬುಟ್ಟಿ ತುಂಬಿರುತ್ತದೆ. ಹೋಟೆಲಿನಲ್ಲಿ ಹತ್ತು ಗಂಟೆಗೆ ಭರ್ತಿ ನಾಷ್ಟಾ ಮಾಡಿ, ಗುಹೆ ನೋಡಿ, ಮೂರು ಗಂಟೆಗೆ ಹೋದವರಿಗೆ ತಳ ಹತ್ತಿದ ಪಲ್ಯವೇ ಗತಿ. ಬೆಳಗ್ಗೆ ಬೇಗ ಗುಹೆಗಳ ಮೆಟ್ಟಿಲು ಹತ್ತಿ ಇಳಿಯಿರಿ, ನಾಷ್ಟಾಕ್ಕೆ ಇಬ್ಬರ ನಡುವೆ ಒಂದೇ ಪ್ಲೇಟ್ ಅವಲಕ್ಕಿ ಸಾಕು. ಊಟ ಬನಶಂಕರಿಯಲ್ಲಿ ಮುಗಿಸಿ, ಪಟ್ಟದಕಲ್ಲು, ಐಹೊಳೆಗಳನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಕುಡಿಕೆಯ ಮೊಸರು ಅಷ್ಟು ಗಟ್ಟಿ ಏಕೆಂದರೆ ಮಣ್ಣು ಅದರ ನೀರನ್ನು ಹೀರುತ್ತದೆ, ಆ ನೀರು ಹೊರಮೈಯಿಂದ ಆರುತ್ತ ಮೊಸರನ್ನು ತಂಪಾಗಿಯೂ ಇಡುತ್ತದೆ. ಆದರೆ ಏಪ್ರಿಲ್-ಮೇ ಬಿಸಿಲಿನಲ್ಲಿ ಹೊತ್ತು ಏರಿದಂತೆ ಹುಳಿಯೂ ಏರುತ್ತದೆ. ಬೇಸಿಗೆಯಲ್ಲಿ ಮೊದಲು ಒಂದೇ ಕುಡಿಕೆ ಕೊಂಡು ನೋಡಿ. ಕೂರುವ ಮುಂಚೆ ಇಬ್ಬರ ಊಟಕ್ಕೆ ಎಷ್ಟು, ಅದರಲ್ಲಿ ರೊಟ್ಟಿ ಎಷ್ಟು, ಮೊಸರಿಗೆ ಬೇರೆ ದುಡ್ಡೇ ಎಂದು ಕೇಳಿಬಿಡಿ, ಚಿಲ್ಲರೆ ಜೊತೆಗಿರಲಿ. “ಅಕ್ಕಾರ, ಮೆತ್ತನ ರೊಟ್ಟಿ ಅದಾವೇನ್ರಿ?” ಎಂದರೆ ಬಟ್ಟೆಯೊಳಗೆ ಸುತ್ತಿಟ್ಟದ್ದು ಹೊರಗೆ ಬರುತ್ತದೆ. ಫೋಟೊ ತೆಗೆಯುವ ಮುಂಚೆಯೂ ಹೀಗೇ ಒಂದು ಮಾತು ಕೇಳಬೇಕು. ಅವರು ಅಲ್ಲಿ ಕೂತಿರುವುದು ದುಡಿಮೆಗಾಗಿ.

ರೊಟ್ಟಿಯ ಗುಣ ಗೊತ್ತಿದ್ದರೆ ಊಟದ ರುಚಿ ಹೆಚ್ಚುತ್ತದೆ. ಜೋಳದ ಹಿಟ್ಟಿನಲ್ಲಿ ಗೋಧಿಗಿರುವ ಅಂಟಿಲ್ಲ. ಕುದಿಯುವ ನೀರು ಹಾಕಿ ನಾದಿದಾಗ ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ಬೀಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ನೀರು ಆರಿದ್ದರೂ ಜಿಗಿ ಬರುವುದಿಲ್ಲ. ಅಂಚು ಸೀಳಿದ, ಮುಟ್ಟಿದರೆ ಮುರಿಯುವ ದಪ್ಪ ರೊಟ್ಟಿ ಬಂದರೆ ಕಾರಣ ಬಹುಮಟ್ಟಿಗೆ ಈ ಎರಡರಲ್ಲಿ ಒಂದು. ಚೆನ್ನಾಗಿ ಬಡಿದ ರೊಟ್ಟಿ ಉಬ್ಬಿ ಎರಡು ಪದರವಾಗುತ್ತದೆ. ಆ ಬಿಸಿ ಪದರ ಬಿಡಿಸಿ ಬೆಣ್ಣೆ ಸವರಿ ತಿನ್ನುವ ಸುಖಕ್ಕೆ ಹೆಚ್ಚು ಹೊತ್ತಿಲ್ಲ, ಆರಿದರೆ ಬಿರುಸಾಗುತ್ತದೆ. ಖಾನಾವಳಿಯಲ್ಲಿ ಎರಡೆರಡು ರೊಟ್ಟಿ ಒಮ್ಮೆಗೇ ಹಾಕಿಸಿಕೊಳ್ಳದೆ ಒಂದೊಂದಾಗಿ ಕೇಳುವುದು ಇದಕ್ಕೇ.

ಅನ್ನ ಉಂಡು ರೂಢಿಯಾದವರು ಮೊದಲ ದಿನ ಒಂದೂವರೆ ರೊಟ್ಟಿಗೆ ನಿಲ್ಲಿಸಿದರೆ ಒಳ್ಳೆಯದು. ಜೋಳ ನಿಧಾನಕ್ಕೆ ಅರಗುತ್ತದೆ, ಖಾರದ ಜೊತೆ ನಾಲ್ಕು ಇಳಿಸಿ ಐಹೊಳೆಯ ಬಿಸಿಲಿಗೆ ಹೊರಟರೆ ಹೊಟ್ಟೆ ಭಾರ. ಖಾರ ಹತ್ತಿದಾಗ ನೀರು ಕುಡಿದರೆ ಉರಿ ತಗ್ಗುವುದಿಲ್ಲ, ಮೊಸರು ಅಥವಾ ಮಜ್ಜಿಗೆ ಬೇಕು. ಇಬ್ಬರಲ್ಲಿ ಒಬ್ಬರಿಗೆ ಖಾರ ಆಗದಿದ್ದರೆ ಕೆಂಪುಖಾರ ಬಿಟ್ಟು ಶೇಂಗಾ ಹಿಂಡಿಗೆ ಮೊಸರು ಕಲಸಿಕೊಳ್ಳಲಿ. ಖಾನಾವಳಿಯಲ್ಲಿ ಬೇಕಾದಷ್ಟು ಬಡಿಸುವ ಊಟವಾದರೆ ಒಂದೇ ತಾಟಿನಲ್ಲಿ ಇಬ್ಬರು ಉಣ್ಣುವುದು ಸರಿಯಲ್ಲ. ಒಬ್ಬರಿಗೆ ಊಟ, ಇನ್ನೊಬ್ಬರಿಗೆ ಬಿಡಿ ರೊಟ್ಟಿ-ಪಲ್ಯ ಕೊಡುತ್ತೀರಾ ಎಂದು ಮೊದಲೇ ಕೇಳಿ. ಮಾಂಸದೂಟ ಬೇಕಾದವರು ಹುಬ್ಬಳ್ಳಿ, ಗದಗಿನ ಸಾವಜಿ ಖಾನಾವಳಿಗೆ ಹೋಗಬಹುದು, ಆದರೆ ಅಲ್ಲಿಯ ಖಾರ ಇನ್ನೂ ಒಂದು ಕೈ ಮೇಲು.

ಸಂಜೆಗೆ ಗಿರ್ಮಿಟ್ ಮತ್ತು ಮಿರ್ಚಿ ಭಜಿ. ಗಿರ್ಮಿಟ್ ಎಂದರೆ ಉಳ್ಳಾಗಡ್ಡಿ, ಹುಣಸೆಹುಳಿ, ಬೆಲ್ಲದ ಒಗ್ಗರಣೆಗೆ ಚುರುಮುರಿ ಹಾಕಿ, ಪುಟಾಣಿ ಹಿಟ್ಟು ಉದುರಿಸಿ ಕಲಸಿಕೊಡುತ್ತಾರೆ. ಕಲಸಿದ ಐದು ನಿಮಿಷಕ್ಕೆ ಚುರುಮುರಿ ಮೆತ್ತಗಾಗತೊಡಗುತ್ತದೆ. ಆದ್ದರಿಂದ ಎರಡು ಪ್ಲೇಟ್ ಒಟ್ಟಿಗೆ ಹೇಳಬೇಡಿ. ಒಂದನ್ನು ಇಬ್ಬರೂ ಮುಗಿಸಿ ಇನ್ನೊಂದು ಹೇಳಿ. ಪಾರ್ಸೆಲ್ ಅಂತೂ ಬೇಡವೇ ಬೇಡ.

ಊರಿಗೆ ಒಯ್ಯಲು ಕಡಕ್ ರೊಟ್ಟಿ ಕೊಳ್ಳುವವರು ಒಂದನ್ನು ಮುರಿದು ನೋಡಲಿ. ಟಪ್ ಎಂದು ಮುರಿದರೆ ಸರಿ. ಬಾಗಿದರೆ ಒಳಗೆ ಪಸೆ ಇದೆ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿದ್ದನ್ನು ಕಾಗದದಲ್ಲಿ ಸುತ್ತಿ, ಅರಿವೆಯಲ್ಲಿ ಕಟ್ಟಿ, ಬ್ಯಾಗಿನ ಮೇಲ್ಭಾಗದಲ್ಲಿ ಇಡಿ. ಹಿಂಡಿಯನ್ನು ಕಾಲು ಕಿಲೋಗಿಂತ ಹೆಚ್ಚು ಕೊಳ್ಳಬೇಡಿ. ಶೇಂಗಾ, ಗುರೆಳ್ಳು ಎಣ್ಣೆಕಾಳುಗಳು, ಇಟ್ಟಷ್ಟೂ ಕಮಟುತ್ತವೆ.

ಐಹೊಳೆಗೆ ಹೋದವರಿಗೆ ಕರದಂಟಿನ ಊರು ಅಮೀನಗಡ ಹತ್ತಿರ. ತುಪ್ಪದಲ್ಲಿ ತಿನ್ನುವ ಅಂಟನ್ನು ಕರಿದು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಸೇರಿಸಿ ಬೆಲ್ಲದ ಪಾಕದಲ್ಲಿ ಕಟ್ಟುವ ಸಿಹಿಯಿದು. ತುಪ್ಪ ಸರಿಯಾಗಿ ಕಾಯ್ದಿದ್ದರೆ ಅಂಟು ಒಳಗಿನವರೆಗೂ ಅರಳಿ, ಬಾಯಲ್ಲಿ ಪುಡಿಯಾಗುತ್ತದೆ. ಕಾಯದ ತುಪ್ಪಕ್ಕೆ ಬಿದ್ದ ಅಂಟು ನಡುವೆ ಕಲ್ಲಾಗಿಯೇ ಉಳಿದು ಹಲ್ಲಿಗೆ ಮೆತ್ತುತ್ತದೆ. ಒಂದು ತುಂಡು ತಿಂದು ನೋಡಿದ ಮೇಲೇ ತೂಗಿಸಿ.

ತಿಂಗಳು ನೋಡಿ ಬಂದರೆ ಇನ್ನೂ ಲಾಭ. ಹಿಂಗಾರಿ ಜೋಳ ಹಾಲುಗಟ್ಟಿದಾಗ, ಡಿಸೆಂಬರ್-ಜನವರಿಯ ಹೊತ್ತಿಗೆ, ತೆನೆ ಸುಟ್ಟು ಉದುರಿಸಿದ ಸೀತನಿ ಸಿಗುತ್ತದೆ. ಅದು ಹೊಲದ ತಿನಿಸು, ಹೋಟೆಲಿನಲ್ಲಿ ಹುಡುಕಬೇಡಿ. ಸಂಕ್ರಾಂತಿಯ ಆಸುಪಾಸು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಕೇಳಿ. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ. ಗದ್ದಲ ಒಗ್ಗದ ಜೋಡಿಗಳು ಆ ದಿನಗಳನ್ನು ಬಿಟ್ಟು ಬರಲಿ.

ನಮ್ಮ ಕೋರಿಕೆ ಎರಡು. ಪತ್ರಿಕೆಯ ಪ್ರವಾಸ ಲೇಖನದ ಕೊನೆಗೆ ದಾರಿ, ದೂರ, ವಸತಿ ಕೊಡುವಂತೆಯೇ ಅಲ್ಲಿ ಏನು ತಿನ್ನಬೇಕು, ಎಷ್ಟು ಹೊತ್ತಿನವರೆಗೆ ಸಿಗುತ್ತದೆ, ಯಾವ ತಿಂಗಳಲ್ಲಿ ಎಂಬ ಮೂರು ಸಾಲು ಸೇರಿಸಿ. ಎರಡನೆಯದು ಪ್ರವಾಸೋದ್ಯಮ ಇಲಾಖೆಗೆ: ಬನಶಂಕರಿಯಲ್ಲಿ ರೊಟ್ಟಿ ಮಾರುವವರಿಗೂ ಉಣ್ಣುವವರಿಗೂ ಸಾಲುವಷ್ಟು ನೆರಳು, ಕೈ ತೊಳೆಯಲು ನಲ್ಲಿ, ಕುಡಿಯುವ ನೀರು ಇರುವಂತೆ ನೋಡಿಕೊಳ್ಳಿ. ಜೊತೆಗೆ ಬಾದಾಮಿಯ ಗುಹೆಗಳ ಬಳಿ, ಬನಶಂಕರಿಯ ರೊಟ್ಟಿ ಊಟ ಮಧ್ಯಾಹ್ನಕ್ಕೆ ಎಂದು ತಿಳಿಸುವ ಒಂದು ಫಲಕವೂ ಇರಲಿ.

— ಓದುಗ ದಂಪತಿ, ಬಾಗಲಕೋಟೆ