ಖಿಚಡಿ ಆರುವ ಮೊದಲು: ಬೀದರ್‌ನ ರಾತ್ರಿ ದಾಸೋಹಕ್ಕೆ ನಿಮ್ಮ ಪಾಲು ಕೋರಿ

ಬಂಧುಗಳೇ, ಶರಣು ಶರಣಾರ್ಥಿ.

ಬೀದರ್ ಚಳಿ ನಿಮಗೆ ಹೊಸದೇನಲ್ಲ. ಊರು ಇರುವುದೇ ಸಮುದ್ರ ಮಟ್ಟದಿಂದ 2,000 ಅಡಿಗೂ ಎತ್ತರದಲ್ಲಿ. ಡಿಸೆಂಬರ್, ಜನವರಿಯಲ್ಲಿ ಮೋಡ ಇಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಹಾರಿಹೋಗುತ್ತದೆ. ಕೆಲವು ರಾತ್ರಿ 10 ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ನಾವು ಕಿಟಕಿ ಹಾಕಿ ಕೌದಿ ಹೊದೆಯುವ ಹೊತ್ತಿಗೆ ಬಸ್ ನಿಲ್ದಾಣದ ಫರಸಿಯ ಮೇಲೆ, ರೈಲು ನಿಲ್ದಾಣದ ಹೊರಗೆ, ಚೌಬಾರಾ ಸುತ್ತಿನ ಅಂಗಡಿ ಕಟ್ಟೆಗಳಲ್ಲಿ ಮಲಗಿದವರು ಇದ್ದಾರೆ. ಎಳ್ಳ ಅಮಾವಾಸ್ಯೆಯಿಂದ ಶಿವರಾತ್ರಿಯವರೆಗೆ, ಅಂದರೆ ಚಳಿ ಶಿವಶಿವ ಅಂತ ಹೋಗುವವರೆಗೆ, ಅವರು ಮಲಗಿದಲ್ಲಿಗೇ ಬಿಸಿ ಊಟ ಮುಟ್ಟಿಸುವುದು ನಮ್ಮ ಟ್ರಸ್ಟಿನ ಕೆಲಸ.

"ಗುರುದ್ವಾರದಲ್ಲಿ ಲಂಗರ್ ಇದೆಯಲ್ಲ, ಅಲ್ಲಿಗೆ ಹೋಗಬಾರದಾ?" ಅಂತ ಬಹಳ ಜನ ಕೇಳುತ್ತಾರೆ. ಕೇಳಬೇಕಾದ ಮಾತೇ. ನಾನಕ್ ಝೀರಾದಲ್ಲಿ ಜಾತಿ, ಊರು ಕೇಳದೆ ಊಟ ಹಾಕುತ್ತಾರೆ, ನಡೆಯಲು ಆಗುವವರು ಹೋಗುತ್ತಾರೆ ಕೂಡ. ಆದರೆ ರಾತ್ರಿ ಎದ್ದು ಹೋದರೆ ಗಾಳಿ ಬಡಿಯದ ಆ ಮೂಲೆ ಇನ್ನೊಬ್ಬರ ಪಾಲಾಗುತ್ತದೆ. ಬಿಟ್ಟುಹೋದ ಚಾದರವೂ ಉಳಿಯುವುದಿಲ್ಲ. ಹಾಗಾಗಿ ಹಸಿದರೂ ಅಲ್ಲೇ ಮುದುಡಿ ಮಲಗುತ್ತಾರೆ. ಮೊದಲ ವರ್ಷ ಇದು ನಮಗೂ ತಿಳಿದಿರಲಿಲ್ಲ. ಒಂದೇ ಕಡೆ ಟೇಬಲ್ ಹಾಕಿ ಕಾದೆವು. ಅರ್ಧ ಪಾತ್ರೆ ಹಾಗೇ ಉಳಿಯಿತು.

ಆ ವರ್ಷ ಇನ್ನೊಂದು ತಪ್ಪೂ ಆಯಿತು. ಜೋಳದ ರೊಟ್ಟಿ ಒಯ್ದೆವು. ನಮ್ಮ ಕಡೆ ಊಟ ಅಂದರೆ ರೊಟ್ಟಿಯೇ ಅಲ್ವಾ? ಗಾಡಿ ಎರಡು ಕಡೆ ನಿಲ್ಲುವಷ್ಟರಲ್ಲಿ ಎಲ್ಲ ಖಡಕ್ ಆಗಿದ್ದವು. ಹಲ್ಲಿಲ್ಲದ ಆಯಿಯೊಬ್ಬರು ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದನ್ನ ತಿನ್ಲೇನು, ಹೊದ್ಕೊಳ್ಳೇನು ತಮ್ಮಾ?" ಅಂದರು. ಮರುದಿನದಿಂದ ಖಿಚಡಿ. ಅಕ್ಕಿ, ತೊಗರಿಬೇಳೆ, ಶುಂಠಿ, ಮೆಣಸು, ಸ್ವಲ್ಪ ತೆಳ್ಳಗೆ. ಸ್ಟೀಲ್ ಡ್ರಮ್ಮಿಗೆ ಗೋಣಿಚೀಲ ಸುತ್ತಿ ಟಂಟಂನಲ್ಲಿ ಇಟ್ಟರೆ ಕೊನೆಯವರಿಗೆ ಬಡಿಸುವಾಗಲೂ ಆವಿ ಏಳುತ್ತಿರುತ್ತದೆ.

ಬಸ್ ನಿಲ್ದಾಣದ ಹತ್ತಿರ ಮಲಗುವ ಮುತ್ಯಾ ಒಬ್ಬರು ಡಬ್ಬಿ ಕೊಟ್ಟ ಕೂಡಲೇ ಮುಚ್ಚಳ ತೆಗೆಯುವುದಿಲ್ಲ. ಶಾಲಿನ ಒಳಗೆ ಹೊಟ್ಟೆಗೆ ಒತ್ತಿಕೊಂಡು ಕೂರುತ್ತಾರೆ. "ಮೊದ್ಲ ಕೈ ಬೆಚ್ಚಗ ಆಗ್ಲಿ, ಆಮ್ಯಾಲ ಉಣ್ತೀನಿ" ಅನ್ನುತ್ತಾರೆ. ಅದಕ್ಕೇ ಪತ್ರಾವಳಿ ಬಿಟ್ಟು ಸ್ಟೀಲ್ ಡಬ್ಬಿಯಲ್ಲೇ ಕೊಡುತ್ತೇವೆ. ಮರುದಿನ ಖಾಲಿ ಡಬ್ಬಿ ಪಡೆದು ತುಂಬಿದ್ದು ಕೊಡುವುದು. ಕೆಲವು ಕಳೆಯುತ್ತವೆ, ಕಳೆಯಲಿ.

"ಅವರು ಕುಡಿಯುತ್ತಾರೆ ರೀ" ಅನ್ನುವವರೂ ಇದ್ದಾರೆ. ಹೌದು, ಕೆಲವರು ಕುಡಿಯುತ್ತಾರೆ. ಕುಡಿದರೆ ಮೈ ಬೆಚ್ಚಗಾದಂತೆ ಅನಿಸುತ್ತದೆ ಅಷ್ಟೇ. ನಿಜವಾಗಿ ಒಳಗಿನ ಬಿಸಿ ಚರ್ಮದ ಕಡೆ ಬಂದು ಬೇಗ ಹೊರಗೆ ಹೋಗುತ್ತದೆ. ಕುಡಿದು ಖಾಲಿ ಹೊಟ್ಟೆಯಲ್ಲಿ ಮಲಗಿದವರಿಗೇ ಆ ರಾತ್ರಿ ಅಪಾಯ ಜಾಸ್ತಿ. ಅವರಿಗೂ ಡಬ್ಬಿ ಕೊಡುತ್ತೇವೆ. ಕಲ್ಯಾಣ ಇರುವ ಜಿಲ್ಲೆಯವರಿಗೆ ದಾಸೋಹ ಅಂದರೇನು ಅಂತ ನಾವು ಹೇಳಬೇಕಾ?

ಈಗ ಬೇಕಾದದ್ದು. ದಿನಾ ರಾತ್ರಿ ಸುಮಾರು 70 ಊಟ. ಅದಕ್ಕೆ 7 ಕೆ.ಜಿ. ಅಕ್ಕಿ, 3 ಕೆ.ಜಿ. ಬೇಳೆ ಹೋಗುತ್ತದೆ. ಗ್ಯಾಸು, ಟಂಟಂ ಡೀಸೆಲ್ ಬೇರೆ. ತೊಗರಿ ರಾಶಿಯ ಕಾಲ ಇದು. ಹೊಲ ಇದ್ದವರು ರಾಶಿಯಲ್ಲಿ ಒಂದು ಮೊರ ನಮಗೆ ಅಂತ ತೆಗೆದಿಡಿ, ಬೇಳೆ ಮಾಡಿಸಿಕೊಳ್ಳುವುದು ನಮಗಿರಲಿ. ಹಳೆಯ ಕೌದಿ, ಕಂಬಳಿ ಇದ್ದರೆ ಒಗೆದು ಕೊಡಿ. ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನೂ ಬಿಸಾಡಬೇಡಿ. ಮೇಲೆ ಎಷ್ಟು ಹೊದ್ದರೂ ಕೆಳಗಿನ ಫರಸಿ ಮೈ ಬಿಸಿ ಎಳೆಯುತ್ತದೆ, ರಟ್ಟು ಹಾಸಿದರೆ ಅದು ತಡೆಯುತ್ತದೆ.

ಹಣ ಕೊಡುವವರು ಎಷ್ಟೇ ಕೊಡಲಿ, ರಶೀದಿ ಕೇಳಿ ಪಡೆಯಿರಿ. ತೆರಿಗೆ ವಿನಾಯಿತಿ ಬೇಕಿದ್ದವರು 2,000 ರೂಪಾಯಿಗಿಂತ ಜಾಸ್ತಿ ಇದ್ದರೆ ನಗದು ಬೇಡ, ಚೆಕ್ ಕೊಡಿ. ಒಂದು ಮಾತು, ಊಟ ಮಾಡುವವರ ಫೋಟೊ ಮಾತ್ರ ಕೇಳಬೇಡಿ. ನಿದ್ದೆಗಣ್ಣಲ್ಲಿ ಕೈ ಚಾಚಿದವರ ಮುಖಕ್ಕೆ ಮೊಬೈಲ್ ಹಿಡಿಯಲು ನಮಗೆ ಮನಸ್ಸಾಗುವುದಿಲ್ಲ. ನೋಡಬೇಕು ಅನಿಸಿದರೆ ಸುಮ್ನೆ ಒಂದು ರಾತ್ರಿ ಜೊತೆಗೆ ಬಂದುಬಿಡಿ. ಗಾಡಿ 9 ಗಂಟೆಗೆ ಹೊರಡುತ್ತದೆ. ಸ್ವೆಟರ್, ಮಫ್ಲರ್ ಮರೆಯಬೇಡಿ. ಡ್ರಮ್ಮಿನ ಪಕ್ಕದ ಜಾಗ ಯಾರೂ ಬಿಟ್ಟುಕೊಡುವುದಿಲ್ಲ.