ಹೊಳೆಯ ಮೇಲ್ದಂಡೆಯಿಂದ ಫೋನ್ ಮಾಡಿದವರಿಗೆ

ಉತ್ತರ ಕನ್ನಡದ ಗಂಗಾವಳಿ ಹೊಳೆಯ ದಂಡೆಯ ನಮ್ಮ ಕೇರಿಯಲ್ಲಿ ಕಳೆದ ವಾರ ಗೃಹಪ್ರವೇಶವಿತ್ತು. 2019ರ ಆಗಸ್ಟ್ ನೆರೆಗೆ ಬಿದ್ದ ಮನೆಗಳ ಪೈಕಿ ಏಳುವುದಕ್ಕೆ ಬಾಕಿ ಉಳಿದದ್ದು ನಮ್ಮದೊಂದೇ. ಅದೂ ಎದ್ದಿತು. ಊಟಕ್ಕೆ ಬಂದವರಿಗೆಲ್ಲ ಅಂಗಳದಲ್ಲಿ ನಿಂತು ಕೈ ಮುಗಿದೆವು. ಆದರೆ ಕೈ ಮುಗಿಯಬೇಕಾದವರಲ್ಲಿ ಬಾರದೇ ಉಳಿದವರೇ ಹೆಚ್ಚು. ಅವರಲ್ಲಿ ಕೆಲವರ ಮುಖವನ್ನೇ ನಾನು ನೋಡಿಲ್ಲ, ಧ್ವನಿ ಮಾತ್ರ ಗೊತ್ತು. ಈ ಬರಹ ಅವರಿಗಾಗಿ. ಹೆಸರು ಹಾಕುವುದು ಬೇಡ ಎಂದು ಹೆಚ್ಚಿನವರು ಹೇಳಿದ್ದಾರೆ, ಹಾಗಾಗಿ ಊರು, ಕೆಲಸ ಇಷ್ಟನ್ನೇ ಬರೆಯುತ್ತೇನೆ. ಓದಿದಾಗ ಯಾರು ಯಾರೆಂದು ಅವರಿಗೇ ತಿಳಿಯುತ್ತದೆ.

ಮೊದಲು ನಮ್ಮ ಹೊಳೆಯ ವಿಷಯ ಹೇಳಬೇಕು. ಧಾರವಾಡದ ಹತ್ತಿರ ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲಾ, ಹುಬ್ಬಳ್ಳಿ ಕಡೆಯಿಂದ ಬರುವ ಹಳ್ಳ, ಎರಡೂ ಕಲಘಟಗಿ ಸೀಮೆಯಲ್ಲಿ ಕೂಡಿ ಬೇಡ್ತಿಯಾಗುತ್ತವೆ. ಆ ಬೇಡ್ತಿ ಯಲ್ಲಾಪುರದ ಮಾಗೋಡಿನಲ್ಲಿ ಧುಮುಕಿ, ಘಟ್ಟ ಇಳಿದು, ಅಂಕೋಲಾ ತಾಲ್ಲೂಕಿಗೆ ಬರುವಾಗ ಗಂಗಾವಳಿ. ಪಕ್ಕದ ಕಾಳಿ ಹೊಳೆಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಅಣೆಕಟ್ಟುಗಳಿವೆ. ಗೇಟು ತೆಗೆಯುವ ಮೊದಲು ಕೆಳದಂಡೆಯವರಿಗೆ ಎಚ್ಚರಿಕೆ ಕೊಡುವ ಕ್ರಮ ಅಲ್ಲಿದೆ. ಬೇಡ್ತಿಗೆ ಅಣೆಕಟ್ಟಿಲ್ಲ. ಬೇಡವೆಂದು ಈ ಜಿಲ್ಲೆಯ ಜನ ಹೋರಾಡಿ ಉಳಿಸಿಕೊಂಡ ಹೊಳೆ ಇದು, ಆ ಹೋರಾಟ ಸರಿ ಎಂದೇ ಇವತ್ತಿಗೂ ನನ್ನ ಅಭಿಪ್ರಾಯ. ಹಾಗಾಗಿ ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರದಲ್ಲಿ ಸುರಿದದ್ದು ನಮ್ಮ ಅಂಗಳಕ್ಕೆ ಬರುತ್ತಿದೆ ಎಂಬ ಸುದ್ದಿಯನ್ನು ಗೇಟಿನ ಸೈರನ್ ಹೇಳುವುದಿಲ್ಲ. ಮೇಲಿನ ಮನುಷ್ಯರೇ ಕೆಳಗಿನ ಮನುಷ್ಯರಿಗೆ ಹೇಳಬೇಕು.

2019ರಲ್ಲಿ ಹಾಗೆ ಹೇಳುವವರು ಇರಲಿಲ್ಲ. ನಮ್ಮಲ್ಲಿಯ ಜೋರು ಮಳೆ ನಮಗೇನು ಹೊಸತಲ್ಲ. ಘಟ್ಟದ ಮೇಲೆ, ಬಯಲುಸೀಮೆಯ ಅಂಚಿನಲ್ಲಿ ಆ ವಾರ ಏನು ಸುರಿಯುತ್ತಿದೆ ಎಂಬುದು ಕೇರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಜೆ ತೋಟದ ತುದಿಯಲ್ಲಿದ್ದ ಹೊಳೆ ನಸುಕಿಗೆ ಕೊಟ್ಟಿಗೆಯ ಒಳಗಿತ್ತು. ದನಗಳ ಹಗ್ಗ ಕೊಯ್ದು ಬಿಟ್ಟೆವು. ನಡೆಯಲಾಗದ ಅತ್ತೆಯನ್ನು ಅಟ್ಟಕ್ಕೆ ಹತ್ತಿಸಿ, ಹೆಂಚು ಸರಿಸಿ ಕೂಗಿದೆವು.

ಪಾತಿದೋಣಿ ತಂದವರು ಆಚೆ ದಂಡೆಯ ಅಂಬಿಗರ ಮನೆಯ ಅಣ್ಣ ಮತ್ತು ಅವರ ಮಗ. ಹೊಳೆಯಲ್ಲಿ ದೋಣಿ ನಡೆಸುವುದು ಬೇರೆ, ಮನೆಗಳ ನಡುವೆ ಸುಳಿ ತಿರುಗುವ ನೀರಿನಲ್ಲಿ ನಡೆಸುವುದು ಬೇರೆ. ಬೇಲಿ, ಬಾವಿಕಟ್ಟೆ, ತುಳಸಿಕಟ್ಟೆ ಎಲ್ಲವೂ ಕೆಸರು ನೀರಿನ ಅಡಿಗೆ ಹೋಗಿದ್ದವು. ಮಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಈಜಿ, ಒಂದು ತೆಂಗಿನಮರಕ್ಕೆ ಅದನ್ನು ಬಿಗಿದು, ಅಲ್ಲಿಂದ ಮುಂದಿನ ತೆಂಗಿಗೆ, ಮತ್ತೆ ನಮ್ಮ ಮನೆಯ ಕಂಬಕ್ಕೆ ತಂದ. ಅಣ್ಣ ಹುಟ್ಟು ಹಾಕಲೇ ಇಲ್ಲ. ಆ ಹಗ್ಗವನ್ನೇ ಕೈಯಿಂದ ಕೈಗೆ ಎಳೆಯುತ್ತ ದೋಣಿಯನ್ನು ಮಾಡಿನ ಅಂಚಿಗೆ ತಂದು ನಿಲ್ಲಿಸಿದರು. ಅತ್ತೆಯನ್ನು ಕಂಬಳಿಯಲ್ಲಿ ಸುತ್ತಿ ಇಳಿಸಿದಾಗ ಅಣ್ಣನ ಅಂಗೈ ಚರ್ಮ ಸುಲಿದು ರಕ್ತ ಬರುತ್ತಿತ್ತು. ಆ ದಿನ ಅವರು ಇಡೀ ಕೇರಿಯನ್ನು ಹೀಗೇ ದಾಟಿಸಿದರು. ಮಧ್ಯಾಹ್ನದ ಹೊತ್ತಿಗೆ ಕರಾವಳಿಯ ಮೀನುಗಾರರು ಲಾರಿಯ ಮೇಲೆ ದೋಣಿ ಹೇರಿಕೊಂಡು ಬಂದರು. ಯಾರೂ ಡೀಸೆಲ್‌ಗೆ ದುಡ್ಡು ಕೇಳಲಿಲ್ಲ. ಅಣ್ಣ, ನಿಮಗೆ ನಾನು ಏನು ಹೇಳಿದರೂ ಕಡಿಮೆಯೇ. ಅತ್ತೆ ಆಮೇಲೆ ಮೂರು ಮಳೆಗಾಲ ಕಂಡು, ಹಾಸಿಗೆಯ ಮೇಲೆ, ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದರು. ಅದು ನೀವು ಕೊಟ್ಟದ್ದು.

ನೆರೆ ಇಳಿದ ಮೇಲಿನ ಕೆಲಸಕ್ಕೆ ಫೋಟೋ ತೆಗೆಯುವವರು ಬರುವುದಿಲ್ಲ, ಹೆಗಲು ಕೊಟ್ಟವರನ್ನು ನೆನೆಯುವುದೂ ಕಡಿಮೆ. ಕಾಳಜಿ ಕೇಂದ್ರವಾಗಿದ್ದ ಶಾಲೆಯಲ್ಲಿ ಬಿಸಿಯೂಟದ ಅಕ್ಕಂದಿರು ತಮ್ಮ ಮನೆಗೂ ನೀರು ನುಗ್ಗಿದ್ದನ್ನು ಬಾಯಿ ಬಿಟ್ಟು ಹೇಳದೆ ಹೊತ್ತು ಹೊತ್ತಿಗೆ ಗಂಜಿ, ಸಾರು ಮಾಡಿ ಹಾಕಿದರು. ಕಾಲೇಜಿನ ಎನ್‌ಎಸ್‌ಎಸ್ ಮಕ್ಕಳು ಬಂದು ಮನೆಯೊಳಗಿನ ರಾಡಿ ಎತ್ತಿದರು. ರೇವೆ ಹಸಿ ಇದ್ದಾಗಲೇ ಎಳೆದು ಹಾಕಬೇಕು, ಒಣಗಿದರೆ ಗುದ್ದಲಿಗೂ ಬಗ್ಗುವುದಿಲ್ಲ ಎಂದು ಅವರಿಗೆ ತೋರಿಸಿಕೊಟ್ಟದ್ದು ಪಕ್ಕದ ಮನೆಯ ಮಾವ. ಹೆಸ್ಕಾಂ ಲೈನ್‌ಮನ್‌ಗಳು ಎದೆಮಟ್ಟದ ಕೆಸರಿನಲ್ಲಿ ಕಂಬ ಹೊತ್ತರು.

ಆಶಾ ಕಾರ್ಯಕರ್ತೆ ಅಕ್ಕನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೆರೆಯಿಂದ ಪಾರಾದವರನ್ನು ಆಮೇಲೆ ಉಳಿಸಿದ್ದು ಅದೇ. ಬಾವಿಗಳ ನೀರು ಮೇಲ್ನೋಟಕ್ಕೆ ತಿಳಿಯಾಗಿತ್ತು. ಅವರು ಯಾರಿಗೂ ಕೊಡ ಇಳಿಸಲು ಬಿಡಲಿಲ್ಲ. ಪಂಪು ಹಾಕಿಸಿ ನೀರು ಖಾಲಿ ಮಾಡಿಸಿ, ತಳದ ಕೆಸರು ತೆಗೆಸಿ, ಹೊಸ ನೀರು ಬಂದ ಮೇಲೆ ಬಾವಿಯ ಅಗಲ, ನೀರಿನ ಆಳ ಅಳೆದು ಲೆಕ್ಕ ಹಾಕಿದರು. ಸಾವಿರ ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಬ್ಲೀಚಿಂಗ್ ಪೌಡರ್. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬೇರೆ ಬಕೆಟ್‌ಗೆ ಬಗ್ಗಿಸಿ, ಅದನ್ನು ನೀರಿನ ಒಳಕ್ಕೆ ಇಳಿಸಿ ಮೇಲೆ ಕೆಳಗೆ ಆಡಿಸಿದರು. ಒಂದು ತಾಸಿನ ತನಕ ಮುಟ್ಟಬಾರದು ಎಂದು ಬಾವಿಕಟ್ಟೆಯ ಮೇಲೆ ತಾವೇ ಕೂತರು. ರಾಡಿ ಎತ್ತಿದವರಿಗೆಲ್ಲ ಇಲಿಜ್ವರದ ಮಾತ್ರೆಯನ್ನು ಎದುರಿಗೆ ನಿಂತು ನುಂಗಿಸಿದರು. ಕೇರಿಯಲ್ಲಿ ಆ ವರ್ಷ ಒಬ್ಬರಿಗೂ ಇಲಿಜ್ವರ ಬರಲಿಲ್ಲ. ಅಕ್ಕ, ನಿಮ್ಮ ಗೌರವಧನ ಹೆಚ್ಚಾಗಬೇಕೆಂಬ ಬೇಡಿಕೆಗೆ ನಮ್ಮ ಕೇರಿ ಇಡಿಯಾಗಿ ನಿಮ್ಮ ಜೊತೆಗಿದೆ.

ಗ್ರಾಮ ಲೆಕ್ಕಿಗರು ಬಿದ್ದ ಗೋಡೆಯ ಎದುರು, ಮಳೆಯಲ್ಲೇ, ತಲೆಯ ಮೇಲೆ ಪ್ಲಾಸ್ಟಿಕ್ ಹಿಡಿದುಕೊಂಡು ಪಂಚನಾಮೆ ಬರೆದರು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಆ ವರ್ಷ 5 ಲಕ್ಷ ರೂಪಾಯಿ ಘೋಷಿಸಿತ್ತು. ಅದು ಕಂತಿನಲ್ಲಿ ಬರುವ ಹಣ. ಪಹಣಿಯಲ್ಲಿ ಮಾವನ ಹೆಸರು, ಆಧಾರ್‌ನಲ್ಲಿ ಬೇರೆ ಅಕ್ಷರ, ಇಷ್ಟಕ್ಕೇ ಒಂದು ಕಚೇರಿಯಲ್ಲಿ ನಮ್ಮ ಫೈಲು ವರ್ಷಗಟ್ಟಲೆ ಕೂತಿತು. ಆ ಕಥೆ ಇಲ್ಲಿ ಬೇಡ. ಅದನ್ನು ಮೇಜಿನಿಂದ ಮೇಜಿಗೆ ಹಿಂಬಾಲಿಸಿ ಬಿಡಿಸಿಕೊಟ್ಟ ಅಂಕೋಲೆಯ ನಿವೃತ್ತ ಮಾಸ್ತರರನ್ನು ಮಾತ್ರ ನೆನೆಯುತ್ತೇನೆ. ಸರ್, ನೀವು ಬಸ್ ಚಾರ್ಜನ್ನೂ ತೆಗೆದುಕೊಳ್ಳಲಿಲ್ಲ.

ಇನ್ನು ಫೋನಿನವರು. ಇದನ್ನು ಶುರು ಮಾಡಿದ್ದು ಯಲ್ಲಾಪುರಕ್ಕೆ ಕೊಟ್ಟ ನನ್ನ ತಂಗಿ. 2020ರ ಮಳೆಗಾಲಕ್ಕೆ ಮುಂಚೆ ಅವಳು ಕಲಘಟಗಿಯ ಒಬ್ಬ ರಸಗೊಬ್ಬರದ ಅಂಗಡಿಯವರ ನಂಬರ್ ಹುಡುಕಿ ತಂದಳು. ಅಲ್ಲಿಂದ ಮಾಗೋಡಿನ ಹತ್ತಿರದ ಅಡಿಕೆ ತೋಟಿಗರು, ಗುಳ್ಳಾಪುರದ ಹೋಟೆಲಿನ ಅಣ್ಣ, ರಾಮನಗುಳಿಯ ಹಾಲಿನ ಡೇರಿಯ ಅಕ್ಕ, ಹೀಗೆ ಹೊಳೆಯ ಗುಂಟ ಕೊಂಡಿ ಕೂಡಿಸುತ್ತ ಬಂದೆವು. ಕ್ರಮ ಸರಳ. ನಿಮ್ಮಲ್ಲಿ ಹೊಳೆ ಗೊತ್ತುಮಾಡಿಕೊಂಡ ಗುರುತು ಮುಟ್ಟಿದರೆ ಕೆಳಗಿನ ಇಬ್ಬರಿಗೆ ಫೋನ್ ಮಾಡಿ. ಮೆಸೇಜ್ ಬೇಡ, ಫೋನೇ ಆಗಬೇಕು, ಎತ್ತುವ ತನಕ ಮಾಡಬೇಕು. ನಮ್ಮಲ್ಲಿ ಸುದ್ದಿ ಬಂದ ಕೂಡಲೇ ಜಿಲ್ಲಾಡಳಿತದ ಸಹಾಯವಾಣಿ 1077ಕ್ಕೆ ತಿಳಿಸುವುದು ಒಬ್ಬರ ಕೆಲಸ. ಪಟ್ಟಿಯಲ್ಲಿರುವ ಬಸುರಿಯರು, ಹಾಸಿಗೆ ಹಿಡಿದವರು, ಇನ್ಸುಲಿನ್ ತೆಗೆದುಕೊಳ್ಳುವವರನ್ನು ಮೊದಲು ಎಬ್ಬಿಸುವುದು ಇಬ್ಬರ ಕೆಲಸ.

2021ರ ಜುಲೈನಲ್ಲಿ ಹೊಳೆ ಮತ್ತೆ ಬಂತು. ಗುಳ್ಳಾಪುರದ ಸೇತುವೆಯನ್ನೇ ಕಿತ್ತುಕೊಂಡು ಹೋದ ನೆರೆ ಅದು. ಹೋಟೆಲಿನ ಅಣ್ಣ ತಮ್ಮ ಅಂಗಡಿಯ ಸಾಮಾನು ಎತ್ತಿಡುವುದನ್ನು ಬಿಟ್ಟು ಮೊದಲು ನಮಗೆ ಫೋನ್ ಮಾಡಿದ್ದರು. ಮನೆ ಏಳುವ ತನಕ ನಾವಿದ್ದ ಶೆಡ್ಡಿಗೆ ನೀರು ಬರುವಾಗ ಶೆಡ್ಡಿನಲ್ಲಿ ಮನುಷ್ಯರೂ ಇರಲಿಲ್ಲ, ದನಗಳೂ ಇರಲಿಲ್ಲ, ಅಕ್ಕಿಯೂ ಇರಲಿಲ್ಲ. ಪಹಣಿ, ಪಾಸ್‌ಬುಕ್ಕು, ಮಕ್ಕಳ ಮಾರ್ಕ್ಸ್‌ಕಾರ್ಡು ಎಲ್ಲ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಮ್ಮ ಜೊತೆಗೇ ಶಾಲೆಗೆ ಬಂದಿದ್ದವು.

ಆದರೆ ನಾನು ಎಲ್ಲಕ್ಕಿಂತ ಹೆಚ್ಚು ಋಣಿಯಾಗಿರುವುದು ನೆರೆ ಬಾರದ ರಾತ್ರಿಗಳ ಫೋನಿಗೆ. ಅಂಥ ರಾತ್ರಿಗಳೇ ಜಾಸ್ತಿ. ಡೇರಿಯ ಅಕ್ಕ ಟಾರ್ಚು ಹಿಡಿದು ಹೊಳೆಗೆ ಹೋಗಿ ನೋಡಿ ಬಂದು ಎಬ್ಬಿಸುತ್ತಾರೆ, ನಾವು ಮಕ್ಕಳನ್ನು ಎತ್ತಿಕೊಂಡು ಶಾಲೆಗೆ ಹೋಗುತ್ತೇವೆ, ಬೆಳಗಾಗುವಾಗ ಹೊಳೆ ಇಳಿದಿರುತ್ತದೆ. ಸುಮ್ಮನೆ ನಿದ್ದೆಗೆಡಿಸಿದೆ ಎಂದು ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಅಕ್ಕ, ಖಂಡಿತ ಬೇಡ. ಹತ್ತು ಸಲ ಎದ್ದು ಹೋಗಿ ಬಂದದ್ದರಿಂದಲೇ ಹನ್ನೊಂದನೆಯ ಸಲ ಯಾರ ಕೈಯೂ ನಡುಗುವುದಿಲ್ಲ. ನೀವು ಸಂಕೋಚಪಟ್ಟು ಸುಮ್ಮನಾಗುವ ಒಂದು ರಾತ್ರಿಯ ಬಗ್ಗೆ ಮಾತ್ರ ನನಗೆ ಭಯ.

ಈಗಿನ ಮಳೆಯನ್ನು ಹಳೆಯ ಅಂದಾಜಿನಲ್ಲಿ ಅಳೆಯಲಾಗದು. ಹೈಸ್ಕೂಲಿನ ವಿಜ್ಞಾನದ ಮೇಡಂ ಪ್ರತಿ ಮೇ ತಿಂಗಳು ನಮ್ಮ ಸಭೆಗೆ ಬಂದು ಇದನ್ನು ತಿಳಿಸಿ ಹೇಳುತ್ತಾರೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. ಆ ತೇವವೆಲ್ಲ ಘಟ್ಟಕ್ಕೆ ಬಡಿದು ಕೆಲವೇ ತಾಸಿನಲ್ಲಿ ಸುರಿದುಬಿಡುತ್ತದೆ. ಹವಾಮಾನ ಇಲಾಖೆಯ ಬಣ್ಣಗಳನ್ನು ನಮಗೆ ಓದಲು ಕಲಿಸಿದ್ದೂ ಅವರೇ. ದಿನಕ್ಕೆ 204.4 ಮಿ.ಮೀ. ಮೀರಿದರೆ ಅತ್ಯಂತ ಭಾರೀ ಮಳೆ, ರೆಡ್ ಅಲರ್ಟ್ ಎಂದರೆ ಅಂಥ ಮಳೆಯ ಮುನ್ಸೂಚನೆ ಇದೆ, ಕೂಡಲೇ ಕ್ರಮ ಕೈಗೊಳ್ಳಿ ಎಂದರ್ಥ. ನಮ್ಮ ಜಿಲ್ಲೆಯ ಬಣ್ಣದ ಜೊತೆಗೆ ಕಲಘಟಗಿ ಇರುವ ಧಾರವಾಡ ಜಿಲ್ಲೆಯ ಬಣ್ಣವನ್ನೂ ನೋಡಿ ಎಂಬುದು ಅವರ ಮಾತು. ಈಗ ಕೇರಿಯ ಮಕ್ಕಳು ಬೆಳಿಗ್ಗೆ ಎದ್ದು ಅದನ್ನೇ ಮೊದಲು ನೋಡುತ್ತಾರೆ.

2024ರ ಜುಲೈ 16ರ ಶಿರೂರನ್ನು ಬರೆಯದೆ ಮುಂದೆ ಹೋಗಲಾರೆ. ಗುಡ್ಡ ಹೆದ್ದಾರಿಯ ಮೇಲೆ, ಚಹಾದಂಗಡಿಯ ಮೇಲೆ, ನಮ್ಮದೇ ಹೊಳೆಯೊಳಗೆ ಕುಸಿಯಿತು. ಹೊಳೆಯ ನೀರು ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಬಡಿಯಿತು. 11 ಜನರನ್ನು ಕಳೆದುಕೊಂಡೆವು. ಅದಕ್ಕೂ ಮುಂಚೆ 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ 19 ಜನ, 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯ ನಾಲ್ವರು. ನೀರಿನ ಮೇಲೆ ಕಣ್ಣಿಟ್ಟಿದ್ದ ನಮ್ಮ ಸರಪಳಿ ಅಂದಿನಿಂದ ಗುಡ್ಡವನ್ನೂ ನೋಡುತ್ತಿದೆ. ಸೊಪ್ಪಿಗೆ, ದರಕಿಗೆ ಬೆಟ್ಟ ಹತ್ತುವ ಹೆಂಗಸರೇ ಇದರ ಕಾವಲುಗಾರರು. ನೆಲದಲ್ಲಿ ಹೊಸ ಬಿರುಕು ಕಂಡರೆ, ಮರ ವಾಲಿದರೆ, ತಿಳಿಯಾಗಿ ಬರುತ್ತಿದ್ದ ಒರತೆ ಕೆಂಪಾದರೆ ಅಥವಾ ಒಮ್ಮೆಲೇ ನಿಂತರೆ ಅವರು ಹೇಳುತ್ತಾರೆ. ಹೋದ ಮಳೆಗಾಲದಲ್ಲಿ ಅವರ ಮಾತು ಕೇಳಿ ಗುಡ್ಡದ ಬುಡದ ಎರಡು ಮನೆಯವರು ಹಗಲಲ್ಲೇ ಗಂಟುಮೂಟೆ ಕಟ್ಟಿ ಕೆಳಗೆ ಬಂದರು. ಧರೆ ಜರಿದದ್ದು ಆಮೇಲೆ. ಆ ಹೆಂಗಸರಿಗೆ ಯಾವ ವೇದಿಕೆಯಲ್ಲೂ ಶಾಲು ಹೊದಿಸಿಲ್ಲ. ಹೊದಿಸಬೇಕು.

ಮನೆ ಕಟ್ಟಿದ ಮೇಸ್ತ್ರಿಗೂ ಇದೇ ಕಾರಣಕ್ಕೆ ನಮಸ್ಕಾರ. ಬಾವ ತಮ್ಮ ಪಾಲಿನ ಹಕ್ಕಲಿನಲ್ಲಿ ಜಾಗ ಬಿಟ್ಟುಕೊಟ್ಟರು, ಅದು 2019ರ ನೀರಿನ ಗುರುತಿಗಿಂತ ಮೇಲಿದೆ. ಜೆಸಿಬಿ ತಂದು ಹಿಂದಿನ ಧರೆ ಕಡಿದರೆ ಅಂಗಳ ದೊಡ್ಡದಾಗುತ್ತದೆ ಎಂದು ಮನೆಯವರು ಹೇಳಿದಾಗ ಮೇಸ್ತ್ರಿ ಒಪ್ಪಲಿಲ್ಲ. ಮೇಲೆ ಚಿರೆಕಲ್ಲು ಗಟ್ಟಿ ಇದ್ದರೂ ಒಳಗೆ ಶೇಡಿ ಮಣ್ಣು, ನೀರು ಕುಡಿದರೆ ಜಾರುತ್ತದೆ, ಬುಡ ಕಡಿದರೆ ತಡೆಯುವವರಿಲ್ಲ ಎಂದರು. ಅಂಗಳ ಚಿಕ್ಕದಾಗಿಯೇ ಇದೆ. ಅಡಿಪಾಯದ ಪಂಚಾಂಗಕ್ಕೆ ಕರಿಕಲ್ಲು, ಮಣ್ಣಿನ ಬದಲು ಸಿಮೆಂಟಿನ ಗಾರೆ, ಕರೆಂಟಿನ ಬೋರ್ಡು ತಲೆಯ ಎತ್ತರಕ್ಕೆ. ಹಳೆಯ ಮನೆಯ ಜಾಗದಲ್ಲಿ ಸಂಘದ ಹೆಂಗಸರು ಬಿದಿರು, ಮುಂಡಿಗೆ ನೆಟ್ಟಿದ್ದಾರೆ. ಮರಳು ತುಂಬಿದ ಗದ್ದೆಗೆ ಬನವಾಸಿ ಕಡೆಯ ರೈತರೊಬ್ಬರು ನೆರೆಗುಳಿ ಭತ್ತದ ಬೀಜ ಕಳಿಸಿದ್ದರು. ವರದೆಯ ನೆರೆಯಲ್ಲಿ ದಿನಗಟ್ಟಲೆ ಮುಳುಗಿಯೂ ಏಳುವ ತಳಿ ಅದು. ನಮ್ಮಲ್ಲೂ ಎದ್ದಿತು. ಗೃಹಪ್ರವೇಶದ ದಿನ ಬಡಿಸಿದ್ದು ಅದೇ ಅಕ್ಕಿ. ಮುಂದಿನ ವರ್ಷಕ್ಕೆ ಬೀಜ ಬೇಕಾದವರು ಪಾತ್ರೆ ತಂದು ಒಯ್ಯಬಹುದು.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಸರಪಳಿಯ ಮೊದಲ ಕೊಂಡಿಯಾಗಿದ್ದ ಕಲಘಟಗಿಯ ಅಣ್ಣ ಅಂಗಡಿ ಮಗನಿಗೆ ಬಿಟ್ಟು ಊರು ಬದಲಿಸುತ್ತಿದ್ದಾರೆ. ಅಣ್ಣ, ಒಮ್ಮೆಯೂ ನಮ್ಮ ಹೊಳೆಯನ್ನು ನೋಡದೆ ಇಷ್ಟು ವರ್ಷ ನಮ್ಮನ್ನು ಕಾದಿರಿ. ಒಂದು ಸಲ ಬನ್ನಿ, ಮೀನು ತಿನ್ನದಿದ್ದರೆ ಗೆಣಸಲೆ ಮಾಡುತ್ತೇನೆ. ಅವರ ಜಾಗಕ್ಕೆ ಕಲಘಟಗಿ ಕಡೆ, ಹಳ್ಳ ಕಾಣುವಲ್ಲಿ ಮನೆಯಿರುವ, ರಾತ್ರಿ ಫೋನ್ ಮಾಡಲು ಬೇಸರಿಸದ ಒಬ್ಬರು ಬೇಕು. ಮೇ ತಿಂಗಳ ಸಭೆಯ ಒಳಗೆ ಸಿಕ್ಕರೆ ಪಟ್ಟಿ ಬರೆಯುವಾಗ ಅವರ ನಂಬರ್ ಸೇರಿಸಿಕೊಳ್ಳಬಹುದು. ಗೊತ್ತಿರುವವರು ದಯವಿಟ್ಟು ನನ್ನ ತಂಗಿಗಾಗಲಿ ನನಗಾಗಲಿ ತಿಳಿಸಿ.