ಬಗ್ಗುವ ಸೋಲಾರ್ ಹಾಳೆ ಎಷ್ಟು ಮಳೆಗಾಲ ಬಾಳುತ್ತದೆ? ಕೇಂದ್ರ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪ್ರಲ್ಹಾದ ಜೋಶಿ ಅವರಿಗೆ,

ನಮಸ್ಕಾರ. ಒಂದು ಕೋಟಿ ಮನೆಗಳ ಮೇಲೆ ಸೋಲಾರ್ ಕೂರಿಸುವ ಸೂರ್ಯಘರ್ ಯೋಜನೆ ನಿಮ್ಮ ಇಲಾಖೆಯದು. ಒಳ್ಳೆಯ ಕೆಲಸ. ಆದರೆ ನಮ್ಮ ಕರಾವಳಿಯ ಹಳೇ ಹಂಚಿನ ಮನೆ, ಶೀಟಿನ ಮನೆಗಳಿಗೆ ಗಾಜಿನ ಪ್ಯಾನೆಲ್ ಭಾರ ಜಾಸ್ತಿ. ಒಂದೊಂದೂ 20 ಕೆಜಿ ದಾಟುತ್ತದೆ. ಅಂಥ ಮಾಡಿಗೆ ಪಾಲಿಮರ್ (ಪ್ಲಾಸ್ಟಿಕ್‌ನಂಥ ವಸ್ತು) ಸೋಲಾರ್ ಹಾಳೆ ಹೇಳಿ ಮಾಡಿಸಿದ ಹಾಗಿದೆ. ಹಗುರ, ಬಗ್ಗುತ್ತದೆ, ಪೇಪರ್ ಅಚ್ಚು ಹಾಕಿದಂತೆ ಮುದ್ರಿಸಬಹುದು.

ನಾಳೆ ಇದಕ್ಕೂ ಸಬ್ಸಿಡಿ ಕೊಡುವ ಮಾತು ಬಂದರೆ ದಯವಿಟ್ಟು ಮೊದಲು ಆಯಸ್ಸು ಕೇಳಿ. ಲ್ಯಾಬಿನಲ್ಲಿ ಇದರ ದಕ್ಷತೆ, ಅಂದರೆ ಬಿಸಿಲಿನಲ್ಲಿ ಕರೆಂಟಾಗುವ ಪಾಲು, ಶೇ. 19 ದಾಟಿದೆ, ನಿಜ. ಆದರೆ ಅಂಥ ದಾಖಲೆಗಳು ಸಾಮಾನ್ಯವಾಗಿ ಉಗುರಿನಷ್ಟು ಪುಟ್ಟ ಸೆಲ್‌ಗಳದ್ದು. ಗಾಜಿನ ಸಿಲಿಕಾನ್ ಪ್ಯಾನೆಲ್‌ಗೆ 25 ವರ್ಷದ ವಾರಂಟಿ ಸಿಗುತ್ತದೆ, ಅಲ್ವಾ? ಈ ಹಾಳೆಗೆ ಎಷ್ಟು?

ಈ ಹಾಳೆ ಹಾಳಾಗುವುದು ಹೆಚ್ಚಾಗಿ ಅಂಚಿನಿಂದ. ಕರೆಂಟು ತಂತಿ ಹೊರಬರುವ ಜಾಗದಲ್ಲಿ ಅಂಟು ಸ್ವಲ್ಪ ಬಿಟ್ಟರೂ ಸಾಕು, ತೇವ, ಗಾಳಿ ಒಳಗೆ ನುಗ್ಗುತ್ತವೆ. ಬಿಸಿಲೂ ಸೇರಿದರೆ ಪಾಲಿಮರಿನ ಬಣ್ಣ ಅಂಚಿನಿಂದ ಒಳಕ್ಕೆ ಮಾಸುತ್ತಾ ಹೋಗುತ್ತದೆ, ಲೋಹದ ಪದರ ತುಕ್ಕು ಹಿಡಿಯುತ್ತದೆ. ಎಷ್ಟೇ ಚೆನ್ನಾಗಿ ಸೀಲ್ ಮಾಡಿದರೂ ಇನ್ನೊಂದು ತೊಂದರೆ ಉಳಿಯುತ್ತದೆ. ಬೆಳಕನ್ನು ಕರೆಂಟಾಗಿಸಲು ಒಳಗೆ ಬೆರೆಸಿರುವ ಎರಡು ವಸ್ತುಗಳು ಕಾವಿಗೆ ನಿಧಾನವಾಗಿ ಬೇರೆಯಾಗುತ್ತವೆ. ಕಲಬುರಗಿಯ ಮೇ ತಿಂಗಳಲ್ಲಿ ಶೀಟು ಹೇಗೆ ಕಾಯುತ್ತದೆ ಎಂದು ನಿಮಗೆ ಹೇಳಬೇಕಿಲ್ಲ.

ನೊಬೆಲ್ ಪಡೆದ ಅಲನ್ ಹೀಗರ್ ಸ್ಥಾಪಕರಲ್ಲೊಬ್ಬರಾಗಿದ್ದ ಅಮೆರಿಕದ ಕೊನಾರ್ಕಾ ಕಂಪನಿ ಇದೇ ಹಾಳೆ ಮಾಡುತ್ತಿತ್ತು. 2012ರಲ್ಲಿ ದಿವಾಳಿಯಾಯಿತು. ದಿನದಿನಕ್ಕೆ ಅಗ್ಗವಾಗುತ್ತಿದ್ದ ಸಿಲಿಕಾನ್ ಮುಂದೆ ಕಡಿಮೆ ದಕ್ಷತೆಯ, ಕಡಿಮೆ ಆಯಸ್ಸಿನ ಹಾಳೆ ನಿಲ್ಲಲಿಲ್ಲ.

ಸೋಲಾರ್ ಪ್ಯಾನೆಲ್‌ಗಳಿಗೆ ಈಗಿರುವ ತೇವದ ಪರೀಕ್ಷೆ 85 ಡಿಗ್ರಿ ಬಿಸಿ, ಶೇ. 85 ತೇವದಲ್ಲಿ 1000 ಗಂಟೆ ನಡೆಯುತ್ತದೆ. ಅಂದರೆ ಆರು ವಾರ, ಅದೂ ಕತ್ತಲಲ್ಲಿ. ಬೆಳಕಿಗೇ ಕೆಡುವ ವಸ್ತುವಿಗೆ ಇದೊಂದೇ ಹೇಗೆ ಸಾಕು? ಬೆಳಕಲ್ಲಿ, ಬಯಲಲ್ಲಿ ಪರೀಕ್ಷಿಸುವ ಕ್ರಮವನ್ನು ವಿಜ್ಞಾನಿಗಳು 2011ರಲ್ಲೇ ಒಪ್ಪಿ ಬರೆದಿಟ್ಟಿದ್ದಾರೆ.

ಗುರುಗ್ರಾಮದ ರಾಷ್ಟ್ರೀಯ ಸೌರಶಕ್ತಿ ಸಂಸ್ಥೆ ನಿಮ್ಮ ಇಲಾಖೆಯದೇ. ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಕೇಂದ್ರದ ವಿಜ್ಞಾನಿಗಳಿಗೆ ಈ ವಿಷಯ ಚೆನ್ನಾಗಿ ಗೊತ್ತು. ಇಬ್ಬರನ್ನೂ ಸೇರಿಸಿ. ಮಂಗಳೂರಿನಲ್ಲಿ, ಕಲಬುರಗಿಯಲ್ಲಿ ನಿಜವಾದ ಮಾಡಿನ ಮೇಲೆ ಹಾಳೆ ಹಾಸಿ, ಕನಿಷ್ಠ ಮೂರು ಮಳೆಗಾಲ ಬಿಡಿ. ಪ್ರತಿ ತಿಂಗಳ ಉತ್ಪಾದನೆ ಎಲ್ಲರಿಗೂ ಕಾಣಲಿ. ಉತ್ಪಾದನೆ ಮೊದಲಿನ ಶೇ. 80ಕ್ಕೆ ಇಳಿಯಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ಹಾಳೆಯ ಮೇಲೇ ಅಚ್ಚು ಹಾಕಿಸಿ. ಸಬ್ಸಿಡಿ ಆಮೇಲೆ ಕೊಡಿ.

ಇಂತಿ,
ಕರಾವಳಿಯ ಒಬ್ಬ ನಾಗರಿಕ